ಬಾಣಂತಿಗೆ ಹಾರ್ಟ್ ವೀಕ್ ಅಂದಿದ್ದಾರೆ, ಅನುಭವ ಇದ್ದವರು ಹೇಳಿ

ಅರಸೀಕೆರೆ ಅಕ್ಕ: ನನ್ನ ತಂಗಿಗೆ ಚೊಚ್ಚಲ ಹೆರಿಗೆ, ಸಿಸೇರಿಯನ್. ಮೂರನೇ ವಾರಕ್ಕೆ ಮಲಗಿದರೆ ಉಸಿರು ಕಟ್ಟಲು ಶುರುವಾಯಿತು. ಹಾಸನದಲ್ಲಿ ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿಸಿದೆವು, ಇಎಫ್ 30, ಅಂದರೆ ಒಂದು ಬಡಿತಕ್ಕೆ ಹಾರ್ಟ್ ತನ್ನಲ್ಲಿರೋ ರಕ್ತದಲ್ಲಿ ನೂರಕ್ಕೆ 30 ಪಾಲು ಮಾತ್ರ ಹೊರಗೆ ತಳ್ಳುತ್ತಿದೆ. ಪಿಪಿಸಿಎಂ, ಅಂದರೆ ಹೆರಿಗೆಯ ಆಸುಪಾಸಿನಲ್ಲಿ ಹಾರ್ಟಿನ ಸ್ನಾಯು ವೀಕ್ ಆಗೋ ಕಾಯಿಲೆ ಅಂದರು. ಹಾಲು ನಿಲ್ಲಿಸುವ ಬ್ರೋಮೋಕ್ರಿಪ್ಟಿನ್ ಕೊಡೋಣ ಅಂತ ಒಬ್ಬ ಡಾಕ್ಟರು, ಬೇಡ ಅಂತ ಇನ್ನೊಬ್ಬರು. ನೀವೆಲ್ಲ ಏನು ಮಾಡಿದಿರಿ?

ಸಕಲೇಶಪುರ ಸೊಸೆ: ನನ್ನದು 28 ಇತ್ತು ಅಕ್ಕ. ಮನೆಯವರೆಲ್ಲ ನಂಜು ಅಂದರು. ಕ್ಲಿನಿಕ್ಕಿನಲ್ಲಿ ಕೆಮ್ಮಿನ ಸಿರಪ್ ಕೊಟ್ಟು ಕಳಿಸಿದರು. ಕಾಲು ಎಷ್ಟು ಊದಿತ್ತೆಂದರೆ ಅಕ್ಕಸಾಲಿಗನ್ನ ಮನೆಗೇ ಕರೆಸಿ ಕಾಲುಂಗುರ ಕತ್ತರಿಸಿದೆವು, ಅದಕ್ಕೂ 50 ರೂಪಾಯಿ ಇಸ್ಕೊಂಡ. ರಾತ್ರಿಯಿಡೀ ದಿಂಬಿಗೆ ಒರಗಿ ಕೂತೇ ನಿದ್ದೆ. ಹಾಸನದಿಂದ ಬೆಂಗಳೂರಿಗೆ ಆಕ್ಸಿಜನ್ ಇರೋ ಆಂಬುಲೆನ್ಸ್ 14,500, ಟೋಲ್ ಬೇರೆ. ಪ್ರೈವೇಟ್ ಐಸಿಯು ದಿನಕ್ಕೆ 18,000. ಕೈಗವಸು, ಸಿರಿಂಜು ಎಲ್ಲ ಬಿಲ್ಲಿನಲ್ಲಿ ಬೇರೆ ಬೇರೆ. ಮನೆಯಲ್ಲಿದ್ದ ಮೆಣಸನ್ನೆಲ್ಲ ಬಂದ ರೇಟಿಗೆ ಮಾರಿದೆವು, ಆಮೇಲೆ ರೇಟು ಏರಿತು, ಆ ಹೊಟ್ಟೆಉರಿ ಇನ್ನೂ ಇದೆ. ಬ್ರೋಮೋಕ್ರಿಪ್ಟಿನ್ ತಗೊಂಡೆ. ರಕ್ತ ಹೆಪ್ಪುಗಟ್ಟಬಾರದು ಅಂತ ಜೊತೆಗೆ ಹೊಟ್ಟೆಗೆ ಇಂಜೆಕ್ಷನ್, ಒಂದಕ್ಕೆ 450. ಈಗ ಇಎಫ್ 55. ಮಗು ಡಬ್ಬಿ ಹಾಲಲ್ಲೇ ಗುಂಡುಗುಂಡಾಗಿದೆ.

ಬೇಲೂರಿನವಳು: ನಾನು ಹಾಲು ಬಿಡಿಸಲಿಲ್ಲ. ಹಾರ್ಟಿಗೆ ಎನಾಲಾಪ್ರಿಲ್, ಮೆಟೊಪ್ರೊಲಾಲ್ ಮಾತ್ರೆ, ಮೈಯಲ್ಲಿ ನಿಂತ ನೀರು ಹೋಗೋಕೆ ಲ್ಯಾಸಿಕ್ಸ್ ತಗೊಂಡೇ ಎದೆಹಾಲು ಕೊಟ್ಟೆ. ಡಾಕ್ಟರೇ ಕೊಡಬಹುದು ಅಂದಿದ್ದು. ಲ್ಯಾಸಿಕ್ಸ್ ಜಾಸ್ತಿಯಾದಾಗ ಹಾಲು ಕಮ್ಮಿಯಾಯಿತು, ಪೊಟ್ಯಾಶಿಯಂ ಇಳಿದು ಮತ್ತೆ ಅಡ್ಮಿಟ್. ಆದರೂ ಬಿಡಲಿಲ್ಲ. ಡಬ್ಬಿ ಹಾಲನ್ನ ಹೆಮ್ಮೆಯಿಂದ ಹೇಳ್ಕೊಳ್ಳೋರನ್ನ ಇಲ್ಲೇ ನೋಡಿದ್ದು.

ಸಕಲೇಶಪುರ ಸೊಸೆ: ನಿಮ್ಮದು 40 ಇತ್ತು ಅಂತ ನೀವೇ ಹಿಂದೊಮ್ಮೆ ಬರೆದಿದ್ದಿರಿ. ನನ್ನ ಜಾಗದಲ್ಲಿ ಇದ್ದಿದ್ದರೆ ಗೊತ್ತಾಗ್ತಿತ್ತು. ಹಾಲು ಬರಿಸೋ ಪ್ರೊಲ್ಯಾಕ್ಟಿನ್ ಇದೆಯಲ್ಲ, ಅದರ ಒಂದು ತುಂಡೇ ಹೃದಯದ ರಕ್ತನಾಳ ಕೆಡಿಸುತ್ತೆ ಅಂತ ನಮ್ಮ ಡಾಕ್ಟರು ಚಿತ್ರ ಬರೆದು ತೋರಿಸಿದರು. ಸುಮ್ನೆ ಶೋಕಿಗೆ ಹಾಲು ನಿಲ್ಲಿಸ್ತಾರಾ?

ಚಿಕ್ಕಮಗಳೂರಿನ ತಾಯಿ: ನೀವು ಹಾಲಿಗೆ ಜಗಳ ಆಡ್ತಿದ್ದೀರಿ. ನನ್ನ ಬೀಗಿತ್ತಿ ನನ್ನ ಬಾಣಂತನವೇ ಸರಿಯಿಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದರು. ಬಿಸಿನೀರು ಎರೆದಿದ್ದು, ಬೆಳ್ಳುಳ್ಳಿ ಖಾರ ಕೊಟ್ಟಿದ್ದು ನಾನೇ. ಅದರಿಂದ ಹಾರ್ಟ್ ವೀಕ್ ಆಗುತ್ತಾ? ಮಗಳಿಗೆ ಅವಳಿ ಮಕ್ಕಳು, ಏಳನೇ ತಿಂಗಳಿಂದಲೇ ಬಿಪಿ. ಅದೇ ಅಪಾಯ ಜಾಸ್ತಿ ಮಾಡೋದು ಅಂತ ಡಾಕ್ಟರು ಬೀಗಿತ್ತಿ ಎದುರಿಗೇ ಹೇಳಿದರು. ಆಮೇಲೆ ಉಪ್ಪು ಕಮ್ಮಿ, ನೀರು ಅಳತೆ ಮಾಡಿ ಒಂದೂವರೆ ಲೀಟರ್ ಅಂದರು. ಅದನ್ನ ಮಾಡಿದರೆ ಬಾಣಂತಿಗೆ ನೀರೂ ಕೊಡಲ್ಲ ಅಂತ ಹೊಸ ದೂರು!

ಮೂಡಿಗೆರೆ ಗಂಡ: ಎರಡನೇ ಮಗುವಿನ ಯೋಚನೆ ಬಿಡಿ. ನಮ್ಮವಳ ಇಎಫ್ 48ಕ್ಕೇ ನಿಂತಿದೆ. ನಾನೇ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡೆ. ಸರ್ಕಾರಿ ಆಸ್ಪತ್ರೆ, ಖರ್ಚಿಲ್ಲ. ಮೂರು ತಿಂಗಳಾದ ಮೇಲೆ ವೀರ್ಯದ ಟೆಸ್ಟ್ ಮಾಡಿಸಬೇಕು, ಅಲ್ಲೀವರೆಗೆ ಹುಷಾರು. ತೋಟದ ಕೆಲಸಕ್ಕೆ ಆಗಲ್ಲ ಅಂತ ನಕ್ಕವರ ಮುಂದೆಯೇ ಮರಗಸಿ (ಮರದ ಕೊಂಬೆ ಸವರೋ ಕೆಲಸ) ಮಾಡಿ ತೋರಿಸಿದೆ.

ಕಡೂರು: ಎಲ್ಲರಿಗೂ ಬಿಡಿ ಅಂದರೆ ಹೇಗೆ ಸ್ವಾಮಿ? ನನಗೆ ಇಎಫ್ 58 ಬಂದಮೇಲೆ, ಡಾಕ್ಟರು ಎನಾಲಾಪ್ರಿಲ್ ಮೊದಲೇ ನಿಲ್ಲಿಸಿದರು, ಆಮೇಲೆ ಎರಡನೇ ಮಗುವಿಗೆ ಬಸುರಿಯಾದೆ. ಎಂಟನೇ ತಿಂಗಳಿಗೆ 44ಕ್ಕೆ ಇಳಿಯಿತು. ಹೆರಿಗೆ ಆಗಿದ್ದು ಬೆಂಗಳೂರಿನಲ್ಲಿ, ಹಾರ್ಟ್ ಡಾಕ್ಟರು ಪಕ್ಕದಲ್ಲೇ ಇದ್ದರು. ಮಗ ಈಗ ಅಂಗನವಾಡಿ.

ಮೂಡಿಗೆರೆ ಗಂಡ: ಇಳಿಯಿತು ಅಂತ ನೀವೇ ಹೇಳ್ತಿದ್ದೀರಲ್ಲ! ಗಂಡು ಮಗು ಬೇಕಿತ್ತು ಅಂತ ನೇರವಾಗಿ ಹೇಳಿ.

ಕಡೂರು: ಮೊದಲನೆಯದೂ ಗಂಡೇ. ಗೊತ್ತಿಲ್ಲದೆ ಮಾತಾಡಬೇಡಿ.

ಅರಸೀಕೆರೆ ಅಕ್ಕ: ದಯವಿಟ್ಟು ತಂಗಿ ವಿಷಯ ಹೇಳಿ. 30 ಇದ್ದಾಗ ಊರಿಗೆ ಕರ್ಕೊಂಡು ಬರಬಹುದಾ?

ಬೇಲೂರಿನವಳು: ಮಲಗಿದರೆ ಉಸಿರು ಕಟ್ಟೋದು ನಿಲ್ಲೋವರೆಗೂ ಬೇಡ. ನಾನು ಅವಸರ ಮಾಡಿದ್ದಕ್ಕೆ ಅದೇ ವಾರ ವಾಪಸ್ ಹೋದೆ. ದಿನಾ ಬೆಳಿಗ್ಗೆ ತೂಕ ನೋಡಿ, ದಿಢೀರ್ ಏರಿದರೆ ನೀರು ನಿಂತಿದೆ ಅಂತ. ಮತ್ತೆ ಹಾಸನದಿಂದ ಆಂಬುಲೆನ್ಸಿಗೆ 14,500 ಯಾರೂ ಕೊಡಬೇಡಿ, ನಮಗೆ 9,000 ಆಗಿದ್ದು.

ಸಕಲೇಶಪುರ ಸೊಸೆ: ಆಕ್ಸಿಜನ್ ಇತ್ತಾ ಅದರಲ್ಲಿ? ಜೊತೆಗೆ ನರ್ಸ್ ಇದ್ದರಾ? ಇಲ್ಲದಿದ್ದರೆ ಅದು ಆಂಬುಲೆನ್ಸ್ ಅಲ್ಲ ತಾಯಿ, ಓಮ್ನಿ.