ಮುಂದಿನ ಅಲಾಯ್ ವೀಲ್ ಅಂಚು ಬಗ್ಗಿದೆ, ಬೆಂಡ್ ತೆಗೆಸಲಾ, ಹೊಸದೇ ಹಾಕಿಸಲಾ?

ಸಾಗರದ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು ಪಲ್ಸರ್ 150, 2017ರ ಮಾಡೆಲ್. ಹೋದ ಭಾನುವಾರ ಸಂಜೆ ಸಾಗರದಿಂದ ಊರಿಗೆ ಬರುವಾಗ ಮಳೆ ಜೋರಾಗಿತ್ತು, ರಸ್ತೆ ತುಂಬ ನೀರು, ಗುಂಡಿ ಕಾಣಲೇ ಇಲ್ಲ. ಹಿಂದೆ ತಂಗಿ ಕೂತಿದ್ದಳು. ಮುಂದಿನ ಚಕ್ರ ಧಡ್ ಅಂತ ಇಳಿದು ಎದ್ದಿತು. ಬೀಳಲಿಲ್ಲ, ಅದೇ ದೊಡ್ಡದು. ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದರೆ ರಿಮ್‌ನ ಎಡಗಡೆ ಅಂಚು ಎರಡು ಬೆರಳಿನಷ್ಟು ಉದ್ದಕ್ಕೆ ಒಳಗೆ ಕುಗ್ಗಿದೆ.

ಟ್ಯೂಬ್‌ಲೆಸ್ ಟಯರ್. ಇವತ್ತು 25 ಪಿಎಸ್‌ಐ ಗಾಳಿ ಹಾಕಿಸಿದರೆ ನಾಳೆ ಬೆಳಿಗ್ಗೆಗೆ 15ಕ್ಕೆ ಇಳಿದಿರುತ್ತದೆ. 50ರ ಸ್ಪೀಡ್ ದಾಟಿದರೆ ಹ್ಯಾಂಡಲ್ ಅದುರುತ್ತದೆ. ಪಂಚರ್ ಅಂಗಡಿಯವರು ಸುಮ್ನೆ ಒಂದು ಟ್ಯೂಬ್ ಹಾಕಿಸಿ ಓಡಿಸಿ ಅಂತಾರೆ. ಗ್ಯಾರೇಜಿನವರು ಗ್ಯಾಸ್‌ನಲ್ಲಿ ಕಾಯಿಸಿ, ಸುತ್ತಿಗೆಯಲ್ಲಿ ಬಡಿದು ಅರ್ಧ ಗಂಟೆಯಲ್ಲಿ ಸರಿ ಮಾಡಿಕೊಡ್ತೀನಿ ಅಂತಾರೆ. ಕೆಲಸಕ್ಕೆ ದಿನಾ 40 ಕಿ.ಮೀ. ಓಡಾಡಬೇಕು. ಈ ತಿಂಗಳು ಹೊಸ ವೀಲ್ ತಗೊಳ್ಳೋದು ಕಷ್ಟವೇ. ಏನು ಮಾಡಲಿ?

ಗಾಳಿಪಟ

ಮೊದಲು ಗಾಳಿ ಎಲ್ಲಿಂದ ಹೋಗುತ್ತಿದೆ ಅಂತ ನೋಡಿ. ಸೋಪಿನ ನೀರು ಮಾಡಿ ಅಂಚಿನ ಸುತ್ತ, ವಾಲ್ವ್ ಬುಡಕ್ಕೆ, ಟಯರ್ ಮೇಲೆ ಎಲ್ಲಾ ಕಡೆ ಹಚ್ಚಿ. ನನಗೂ ಹೀಗೇ ಗಾಳಿ ಇಳಿಯುತ್ತಿತ್ತು. ರಿಮ್ ಬೆಂಡ್ ಅಂತ ಅಂದುಕೊಂಡರೆ ವಾಲ್ವ್ ರಬ್ಬರ್ ಒಡೆದಿತ್ತು. ಆದರೆ ನಿಮ್ಮದು ಅದುರುತ್ತಿದೆ ಅಂದರೆ ಬೆಂಡ್ ಇದ್ದೇ ಇದೆ, ಅಲ್ವಾ.

ಹುಬ್ಬಳ್ಳಿ ಲೇತ್

ತಮ್ಮಾ, ಗ್ಯಾಸ್ ಹಿಡಿಸಬೇಡಿ. ಇದೊಂದು ಮಾತು ಕೇಳಿ, ಉಳಿದದ್ದು ಆಮೇಲೆ ನೋಡೋಣ.

ನಾನು ಇಪ್ಪತ್ತು ವರ್ಷದಿಂದ ಲೇತ್ ಮತ್ತು ರಿಮ್ ಕೆಲಸ ಮಾಡುತ್ತಿದ್ದೇನೆ. ಹಳೆ ಗಾಡಿಗಳ ಸ್ಪೋಕ್ ವೀಲ್‌ನ ರಿಮ್ ಕಬ್ಬಿಣದ್ದು. ಅದು ಬಗ್ಗುತ್ತದೆ, ಬಡಿದರೆ ವಾಪಸ್ ಬರುತ್ತದೆ, ಉಳಿದ ಸೊಟ್ಟವನ್ನು ಸ್ಪೋಕ್ ಎಳೆದು, ಸಡಿಲಿಸಿ ಸರಿ ಮಾಡಬಹುದು. ನಿಮ್ಮದು ಎರಕ ಹೊಯ್ದ ಅಲ್ಯೂಮಿನಿಯಂ. ಅದು ಸ್ವಲ್ಪ ಬಗ್ಗುತ್ತದೆ, ಆಮೇಲೆ ಸೀಳುತ್ತದೆ. ಕಬ್ಬಿಣ ಕಾಯಿಸಿದರೆ ಕೆಂಪಾಗುತ್ತದೆ, ಎಷ್ಟು ಕಾದಿದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಈ ಮಿಶ್ರಲೋಹ ಅದಕ್ಕೂ ಮೊದಲೇ. ಕರಗುವ ತನಕ ಹಗಲು ಬೆಳಕಲ್ಲಿ ಬಣ್ಣ ಬದಲಾದದ್ದು ಕಾಣುವುದೇ ಇಲ್ಲ. ಫ್ಯಾಕ್ಟರಿಯಲ್ಲಿ ಹದ ಮಾಡಿ ಕೊಟ್ಟ ಗಟ್ಟಿತನ ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತದೆ. ಗ್ಯಾಸ್ ಹಿಡಿದವರಿಗೆ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ. ಮೇಲೆ ಪೇಂಟ್ ಹೊಡೆದರೆ ಹೊಸದರ ಹಾಗೇ ಕಾಣುತ್ತದೆ.

ಬೆಂಡ್ ತೆಗೆಯಲೇಬಾರದು ಅಂತಲ್ಲ. ಅಂಚಿನ ತುಟಿ ಮಾತ್ರ ಬಗ್ಗಿದ್ದು ಬಿರುಕು ಇಲ್ಲದಿದ್ದರೆ ಹೈಡ್ರಾಲಿಕ್ ಜಾಕ್ ಇಟ್ಟು, ಮರದ ತುಂಡು ಕೊಟ್ಟು, ಹದವಾಗಿ ಬೆಚ್ಚಗೆ ಮಾಡಿ, ನಿಧಾನವಾಗಿ ಒತ್ತಿ ತೆಗೆಯುತ್ತಾರೆ. ಸೊಟ್ಟ ಅಳೆಯುವ ಡಯಲ್ ಗೇಜ್ ಇಟ್ಟು, ಚಕ್ರ ತಿರುಗಿಸಿ ತೋರಿಸುವವರ ಹತ್ತಿರವೇ ಹೋಗಿ. ಚಕ್ರದ ನಡುವಿನಿಂದ ಬರುವ ಅಲಾಯ್ ಕಡ್ಡಿ ರಿಮ್‌ಗೆ ಸೇರುವ ಜಾಗದಲ್ಲಿ ಪೆಟ್ಟಾಗಿದ್ದರೆ, ಅಥವಾ ಎಲ್ಲೇ ಆಗಲಿ ಕೂದಲಷ್ಟು ಬಿರುಕಿದ್ದರೂ ನಾನು ಆ ವೀಲ್ ಮುಟ್ಟುವುದಿಲ್ಲ. ವೆಲ್ಡಿಂಗ್ ಮಾಡಿಕೊಡಿ ಅಂತ ಬಂದವರನ್ನೂ ವಾಪಸ್ ಕಳಿಸಿದ್ದೇನೆ. ಹಿಂದಿನ ಚಕ್ರ ಕೈ ಕೊಟ್ಟರೆ ಎಷ್ಟೋ ಸಲ ಸಂಭಾಳಿಸಬಹುದು, ಮುಂದಿನದು ಕೈ ಕೊಟ್ಟರೆ ಆಗಲ್ಲ.

ಮನೆಯಲ್ಲೇ ನೋಡುವ ದಾರಿ ಇದೆ. ಮೇನ್ ಸ್ಟ್ಯಾಂಡ್ ಹಾಕಿ, ಹಿಂದೆ ಭಾರ ಕೊಟ್ಟು ಮುಂದಿನ ಚಕ್ರ ಎತ್ತಿ. ಫೋರ್ಕ್‌ಗೆ ಒಂದು ಕೇಬಲ್ ಟೈ ಕಟ್ಟಿ ಅದರ ತುದಿ ರಿಮ್‌ಗೆ ತಾಗುವ ಹಾಗೆ ಕತ್ತರಿಸಿ, ಚಕ್ರ ತಿರುಗಿಸಿ. ತುದಿಗೂ ರಿಮ್‌ಗೂ ನಡುವೆ ಎಷ್ಟು ಸಂದು ಬಿಡುತ್ತದೆ ನೋಡಿ. ಹಲವು ಬೈಕ್‌ಗಳ ಸರ್ವಿಸ್ ಪುಸ್ತಕದಲ್ಲಿ 2 ಮಿ.ಮೀ. ತನಕ ಮಾತ್ರ ಬಿಟ್ಟಿರುತ್ತಾರೆ, ಕೆಲವದರಲ್ಲಿ ಇನ್ನೂ ಕಮ್ಮಿ. ಆಮೇಲೆ ಟಯರ್ ಬಿಚ್ಚಿಸಿ, ಪೆಟ್ಟಾದ ಜಾಗ ಚೆನ್ನಾಗಿ ತೊಳೆದು ಒಣಗಿಸಿ ಸೀಮೆಎಣ್ಣೆ ಸವರಿ. ಅರ್ಧ ಗಂಟೆ ಬಿಟ್ಟು ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ರಿಮ್‌ನ ಒಳಮೈಗೂ ಮಾಡಿ, ಅಲ್ಲಿ ಯಾರೂ ನೋಡುವುದಿಲ್ಲ.

ಎರಡು ಗಾಲಿ

ನಾನು ಬಗ್ಗಿದ ರಿಮ್‌ಗೆ ಟ್ಯೂಬ್ ಹಾಕಿ ಒಂದು ವರ್ಷ ಓಡಿಸಿದ್ದೇನೆ, ಏನೂ ಆಗಲಿಲ್ಲ. ಬಡವರು ಏನು ಮಾಡಬೇಕು ಹೇಳಿ? ಎಲ್ಲರಿಗೂ ಹೊಸದು ತಗೊಳ್ಳೋಕೆ ಆಗುತ್ತಾ?

ಹುಬ್ಬಳ್ಳಿ ಲೇತ್

ದುಡ್ಡಿನ ಕಷ್ಟ ನನಗೂ ಗೊತ್ತು ಸರ್, ನನ್ನ ಹತ್ತಿರ ಬರುವವರೆಲ್ಲ ಅದೇ ಕಷ್ಟದವರೇ. ಟ್ಯೂಬ್ ಹಾಕಿದರೆ ಗಾಳಿ ನಿಲ್ಲುತ್ತದೆ, ಬೆಂಡ್ ಹಾಗೇ ಇರುತ್ತದೆ, ಬಿರುಕಿದ್ದರೆ ಅದೂ ಹಾಗೇ ಬೆಳೆಯುತ್ತದೆ. ಈಗ ಗಾಳಿ ಇಳಿಯುತ್ತಿದೆ ಅಂತಲಾದರೂ ನೀವು ದಿನಾ ರಿಮ್ ನೋಡುತ್ತೀರಿ. ಟ್ಯೂಬ್ ಹಾಕಿದ ಮೇಲೆ ನೋಡುವುದನ್ನೂ ಬಿಡುತ್ತೀರಿ. ಇನ್ನೊಂದು, ಟ್ಯೂಬ್‌ಲೆಸ್‌ಗೆ ಮೊಳೆ ಚುಚ್ಚಿದರೆ ಗಾಳಿ ನಿಧಾನಕ್ಕೆ ಹೋಗುತ್ತದೆ, ಟ್ಯೂಬ್ ಆದರೆ ಒಂದೇ ಸಲ ಕೂತುಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ವೀಲ್ ತಗೊಳ್ಳಬಹುದು. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಸಿಗುತ್ತವೆ. ಆದರೆ ಅದನ್ನೂ ಇದೇ ಥರ ಸೀಮೆಎಣ್ಣೆ ಹಚ್ಚಿ ನೋಡದೆ ತರಬೇಡಿ. ಹೊಸದಾಗಿ ಪೇಂಟ್ ಹೊಡೆದಿದ್ದರೆ ಬಿಟ್ಟುಬಿಡಿ.

ಸಾಗರದ ಸವಾರ

ಹುಬ್ಬಳ್ಳಿ ಅಣ್ಣಾ, ನಿನ್ನೆ ನೀವು ಹೇಳಿದ ಹಾಗೇ ಮಾಡಿದೆ. ಕೇಬಲ್ ಟೈ ತುದಿಯಲ್ಲಿ ಸುಮಾರು 4 ಮಿ.ಮೀ. ಸಂದು ಬಿಟ್ಟಿತು. ಸೀಮೆಎಣ್ಣೆ ಪಕ್ಕದ ಮನೆ ಅಜ್ಜಿ ಹತ್ತಿರ ಒಂದು ಲೋಟ ಸಿಕ್ಕಿತು, ಸೀಮೆಸುಣ್ಣ ತಂಗಿಯದು. ಹೊರಗಡೆ ಏನೂ ಕಾಣಲಿಲ್ಲ. ಒಳಮೈಯಲ್ಲಿ, ಬಗ್ಗಿದ ಅಂಚಿನಿಂದ ಕಡ್ಡಿಯ ಬುಡದ ಕಡೆಗೆ ಉಗುರಿನಷ್ಟು ಉದ್ದದ ಗೆರೆ ನಿಧಾನವಾಗಿ ಮೂಡಿತು. ಒರೆಸಿ ಇನ್ನೊಮ್ಮೆ ಬಳಿದೆ, ಅದೇ ಜಾಗದಲ್ಲಿ ಅದೇ ಗೆರೆ. ನಾಲ್ಕು ದಿನ ಇದರ ಮೇಲೇ ತಂಗಿಯನ್ನು ಕಾಲೇಜಿಗೆ ಬಿಟ್ಟು ಬಂದಿದ್ದೇನೆ. ರಾತ್ರಿ ನಿದ್ದೆ ಬರಲಿಲ್ಲ.

ಬೇರೆ ಮಾತೇ ಇಲ್ಲ, ಹೊಸದೇ ಹಾಕಿಸುತ್ತೇನೆ. ಸಂಬಳ ಆಗುವ ತನಕ ಬಸ್ಸು. ತರುವಾಗ ಏನು ನೋಡಬೇಕು?

ಹುಬ್ಬಳ್ಳಿ ಲೇತ್

ಒಳ್ಳೆ ಕೆಲಸ ಮಾಡಿದಿರಿ. ಆರ್‌ಸಿ ತಗೊಂಡು ಹೋಗಿ, ಚಾಸಿಸ್ ನಂಬರ್ ಹೇಳಿಯೇ ಆರ್ಡರ್ ಕೊಡಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಕಡ್ಡಾಯ ಆಯಿತು, ಹಾಗಾಗಿ ಆಮೇಲಿನ ವೀಲ್ ನಿಮ್ಮದಕ್ಕೆ ಸರಿಯಾಗಿ ಕೂರದೆ ಇರಬಹುದು. ಬೇರಿಂಗ್ ಹೊಸದೇ ಹಾಕಿಸಿ. ಅಷ್ಟು ಪೆಟ್ಟು ಬಿದ್ದ ಮೇಲೆ ಹ್ಯಾಂಡಲ್ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಫೋರ್ಕ್, ಡಿಸ್ಕ್ ಕೂಡ ಸೊಟ್ಟ ಆಗಿದೆಯಾ ಅಂತ ತೋರಿಸಿ, ಅದುರುವುದಕ್ಕೆ ಅವೂ ಕಾರಣ ಇರಬಹುದು. ಟಯರ್ ಒಳಗೆ ದಾರ ಹರಿದಿದೆಯಾ ನೋಡಿ, ಕೂರಿಸುವಾಗ ಪಕ್ಕದಲ್ಲಿರುವ ಬಾಣದ ಗುರುತು ತಿರುಗುವ ದಿಕ್ಕಿಗೇ ಇರಬೇಕು. ಚಕ್ರ ಹಾಕಿದ ಮೇಲೆ ಹೊರಡುವ ಮುಂಚೆ ಬ್ರೇಕ್ ಲಿವರ್ ನಾಲ್ಕೈದು ಸಲ ಒತ್ತಿ ಬಿಗಿ ಬಂತಾ ನೋಡಿ, ಮರೆಯಬೇಡಿ, ಮೊದಲ ಸಲ ಒತ್ತಿದಾಗ ಹಿಡಿಯದೇ ಇರಬಹುದು.

ಹಳೆ ವೀಲ್ ಗುಜರಿಗೆ ಹಾಕುವ ಮುಂಚೆ ಒಂದೆರಡು ಕಡ್ಡಿ ಗರಗಸದಲ್ಲಿ ಕೊಯ್ದುಬಿಡಿ. ಇಲ್ಲದಿದ್ದರೆ ಯಾರೋ ಪೇಂಟ್ ಹೊಡೆದು ಇನ್ನೊಬ್ಬರ ಗಾಡಿಗೆ ಹಾಕುತ್ತಾರೆ.

ಸಾಗರದ ಸವಾರ

ಇವತ್ತೇ ಕೊಯ್ಯುತ್ತೇನೆ ಅಣ್ಣಾ.