12 ಎಂಎಂ ಮ್ಯಾನ್ಯುವಲ್ ಲೆನ್ಸ್ ಕೊಳ್ಳುವುದೋ, ಅಗ್ಗದ ಫಿಶ್‌ಐ ಸಾಕೋ?

ತುಂಗಾತೀರ, ತೀರ್ಥಹಳ್ಳಿ:
ನನ್ನಲ್ಲಿ ಸೋನಿ ಎ6400 ಕ್ಯಾಮೆರಾ ಇದೆ. ಅದರೊಂದಿಗೆ ಬಂದ 16–50 ಎಂಎಂ ಲೆನ್ಸ್ ಹಾಕಿ, ನಮ್ಮ ತೊಟ್ಟಿಮನೆಯ ಜಗಲಿಯಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತರೂ ಅಂಗಳದ ನಾಲ್ಕು ಕಂಬಗಳು ಒಂದೇ ಚಿತ್ರಕ್ಕೆ ಬರುವುದಿಲ್ಲ. ಮಾಡು ಸಿಕ್ಕರೆ ಅಂಗಳ ತಪ್ಪುತ್ತದೆ. ಬೇಸಿಗೆಯಲ್ಲಿ ಮನೆಯನ್ನು ಬಿಚ್ಚಲಿದ್ದಾರೆ, ಅದಕ್ಕೆ ಮೊದಲೇ ಚಿತ್ರಗಳನ್ನು ತೆಗೆದಿಡಬೇಕು. ನಾನು ನೋಡಿದ, ಆಟೋಫೋಕಸ್ ಇರುವ ವೈಡ್ (ಅಗಲ ನೋಟದ) ಲೆನ್ಸ್‌ಗಳು ನನ್ನ 20 ಸಾವಿರ ರೂಪಾಯಿಯ ಮಿತಿಗೆ ನಿಲುಕದ ಕಾರಣ, ಕೈಯಿಂದಲೇ ಫೋಕಸ್ ಮಾಡುವ ಸಮ್ಯಾಂಗ್ 12 ಎಂಎಂ ಎಫ್/2 ಮ್ಯಾನ್ಯುವಲ್ ಲೆನ್ಸನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕುವುದೋ, ಇನ್ನೂ ಅಗ್ಗದ 7.5 ಎಂಎಂ ಫಿಶ್‌ಐ ಸಾಕೋ, ತಿಳಿದವರು ಹೇಳಬೇಕು. ಕೈಯಿಂದ ಫೋಕಸ್ ಮಾಡಿ ನನಗೆ ಅಭ್ಯಾಸವಿಲ್ಲ.

ಇಕ್ಕೇರಿ ದಾರಿ, ಸಾಗರ:
ಮನೆಯ ಚಿತ್ರಕ್ಕಾದರೆ ಫಿಶ್‌ಐ ಬೇಡ. ಅದು ಸುಮಾರು 180 ಡಿಗ್ರಿಯನ್ನು ಒಳಗೆ ಎಳೆದುಕೊಳ್ಳುವುದು ನಿಜ, ಆದರೆ ನೇರ ಗೆರೆಗಳನ್ನು ಬಾಗಿಸಿಯೇ ಎಳೆದುಕೊಳ್ಳುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ಅಂಥದ್ದೊಂದನ್ನು ಹಾಕಿ ತೆಗೆದ ನನ್ನ ಚಿತ್ರಗಳಲ್ಲಿ ಅಂಚಿನ ಕಲ್ಲುಕಂಬಗಳೆಲ್ಲ ಬಿಲ್ಲಿನಂತೆ ಬಗ್ಗಿವೆ. ಸಮ್ಯಾಂಗ್ 12 ಗೆರೆಗಳನ್ನು ನೇರವಾಗಿಯೇ ಉಳಿಸುತ್ತದೆ. ಅದರ ನೋಟ ಸುಮಾರು 99 ಡಿಗ್ರಿ, ನಿಮ್ಮ ಲೆನ್ಸ್‌ನದು 16 ಎಂಎಂನಲ್ಲಿ 83 ಡಿಗ್ರಿ. ಅಂಕಿಯಲ್ಲಿ ಚಿಕ್ಕದೆನಿಸುವ ಈ ಅಂತರ ಜಗಲಿಯಲ್ಲಿ ನಿಂತವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಫೋಕಸ್ಸಿನ ಭಯವನ್ನು ಬಿಡಿ. 12 ಎಂಎಂನಲ್ಲಿ ಅಪರ್ಚರನ್ನು (ಬೆಳಕು ಒಳಬರುವ ಕಿಂಡಿಯನ್ನು) ಎಫ್/8ಕ್ಕೆ ಇಟ್ಟು, ಫೋಕಸ್ಸನ್ನು ಸುಮಾರು ಒಂದು ಮೀಟರಿಗೆ ನಿಲ್ಲಿಸಿದರೆ, ಅರ್ಧ ಮೀಟರಿನಿಂದ ದೂರದ ಗುಡ್ಡದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಆಮೇಲೆ ರಿಂಗ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಈ ಲೆನ್ಸ್ ಕ್ಯಾಮೆರಾದೊಂದಿಗೆ ಮಾತನಾಡುವುದಿಲ್ಲವಾದ್ದರಿಂದ ಮೆನುವಿನಲ್ಲಿ ‘ರಿಲೀಸ್ ವಿತೌಟ್ ಲೆನ್ಸ್’ ಎಂಬುದನ್ನು ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ಶಟರ್ ಬೀಳದೆ ಲೆನ್ಸೇ ಕೆಟ್ಟಿದೆಯೆಂದು ಗಾಬರಿಯಾಗುತ್ತೀರಿ. ಎ6400ನ ಒಳಗೆ ಕೈನಡುಕವನ್ನು ಸರಿದೂಗಿಸುವ ಸ್ಟೆಬಿಲೈಸೇಶನ್ ಇಲ್ಲ, ಈ ಲೆನ್ಸ್‌ನಲ್ಲಿಯೂ ಇಲ್ಲ. ಹೊಗೆ ಹಿಡಿದ ಅಡುಗೆಮನೆಗೆ ಟ್ರೈಪಾಡ್ ಬೇಕೇಬೇಕು. ಕಂಬಗಳು ಒಳಕ್ಕೆ ವಾಲಬಾರದೆಂದರೆ ಕ್ಯಾಮೆರಾವನ್ನು ಮೇಲಕ್ಕೆ ಎತ್ತದೆ ಮಟ್ಟಸವಾಗಿಡಿ.

ಕವಲೇದುರ್ಗ, ತೀರ್ಥಹಳ್ಳಿ:
ಸೆಕೆಂಡ್ ಹ್ಯಾಂಡ್ ಎಂದಿದ್ದೀರಿ, ಆದ್ದರಿಂದ ನನ್ನ ಅನುಭವ ಕೇಳಿ. ನಾನು ಕೊಂಡ ಮೊದಲ ಅಗ್ಗದ ವೈಡ್ ಲೆನ್ಸ್‌ನಲ್ಲಿ ಎಡಭಾಗ ಗರಿಗರಿಯಾಗಿ, ಬಲಭಾಗ ನೆನೆದ ಕಾಗದದಂತೆ ಬರುತ್ತಿತ್ತು. ಒಳಗಿನ ಗಾಜು ಓರೆಯಾಗಿ ಕುಳಿತಿದ್ದರೆ ಹೀಗಾಗುತ್ತದೆ, ಯಾವ ಸೆಟ್ಟಿಂಗಿನಿಂದಲೂ ಸರಿಹೋಗದು. ದುಡ್ಡು ಕೊಡುವ ಮೊದಲು ಟ್ರೈಪಾಡ್ ಮೇಲಿಟ್ಟು, ಎಫ್/2.8ರಲ್ಲಿ ದೂರದ ಒಂದೇ ಅಡಿಕೆಮರದ ತಲೆಯನ್ನು ಚೌಕಟ್ಟಿನ ನಾಲ್ಕು ಮೂಲೆಗಳಿಗೂ ತಂದು ನಾಲ್ಕು ಚಿತ್ರ ತೆಗೆದು, ದೊಡ್ಡದು ಮಾಡಿ ಹೋಲಿಸಿ.

ನಮ್ಮ ಕಡೆಯ ಲೆನ್ಸ್ ಎಂದರೆ ಬೂಷ್ಟು ಹಿಡಿದಿದೆಯೇ ಎಂದು ನೋಡಲೇಬೇಕು. ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ಇಣುಕಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಬೆಲೆ ಎಷ್ಟು ಇಳಿಸಿದರೂ ವಾಪಸ್ ಕೊಡಿ. ಕೊಂಡ ಮೇಲೆ ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮೀಟರ್ ಇದ್ದರೆ ಸಾಕು, ಮುಳ್ಳು ಶೇಕಡಾ 40ರಿಂದ 50ರೊಳಗೆ ಇರಲಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಟ್ಟವರೂ ಇದ್ದಾರೆ, ಆ ಲೆನ್ಸ್ ಈಗ ಅಡಿಕೆಯ ಬಣ್ಣಕ್ಕೆ ತಿರುಗಿದೆ.

ತುಂಗಾತೀರ, ತೀರ್ಥಹಳ್ಳಿ:
ಇಬ್ಬರಿಗೂ ಧನ್ಯವಾದ. ಶಿವಮೊಗ್ಗದಲ್ಲಿ ಒಬ್ಬರ ಬಳಿಯಿದ್ದ ಸಮ್ಯಾಂಗ್ 12 ಅನ್ನು ನೀವು ಹೇಳಿದಂತೆಯೇ ಪರೀಕ್ಷಿಸಿ ಕೊಂಡೆ. ಮೂಲೆಗಳು ನಾಲ್ಕೂ ಸಮವಾಗಿವೆ, ಬೂಷ್ಟಿಲ್ಲ. ಆದರೆ ರಿಂಗನ್ನು ಅನಂತದ (ಅತಿ ದೂರದ ಫೋಕಸ್ಸಿನ) ಗುರುತಿಗೆ ತಂದರೆ ದೂರದ ಗುಡ್ಡ ಮಬ್ಬಾಗುತ್ತದೆ, ಗುರುತಿಗಿಂತ ಕೂದಲೆಳೆಯಷ್ಟು ಮೊದಲೇ ನಿಲ್ಲಿಸಿದರೆ ಸ್ಪಷ್ಟವಾಗುತ್ತದೆ. ಇದು ದೋಷವೇ?

ಇಕ್ಕೇರಿ ದಾರಿ, ಸಾಗರ:
ದೋಷವೇನಲ್ಲ, ಅಗ್ಗದ ಮ್ಯಾನ್ಯುವಲ್ ಲೆನ್ಸ್‌ಗಳ ಗುರುತು ಹೀಗೆ ತುಸು ಆಚೀಚೆ ಇರುವುದು ಸಾಮಾನ್ಯ. ಪರದೆಯಲ್ಲಿ ಗುಡ್ಡವನ್ನು ದೊಡ್ಡದು ಮಾಡಿ ಸರಿಯಾದ ಜಾಗವನ್ನು ಕಂಡುಕೊಂಡು, ರಿಂಗಿನ ಮೇಲೆ ಉಗುರುಬಣ್ಣದ ಒಂದು ಚುಕ್ಕೆ ಇಡಿ. ನನ್ನದರ ಮೇಲಿರುವುದು ಮಗಳ ಕೆಂಪು ಬಣ್ಣ.