ಅಪ್‌ಡೇಟ್: ‘ಅನ್‌ಲಿಮಿಟೆಡ್’ ಬ್ರಾಡ್‌ಬ್ಯಾಂಡ್ ತಿಂಗಳ ಕೊನೆಗೆ ತೆವಳುವುದು ಯಾಕೆ?

ಹಿಂದಿನ ಪ್ರಶ್ನೆ ಇದು: 100 ಎಂಬಿಪಿಎಸ್ ಅನ್‌ಲಿಮಿಟೆಡ್ ಪ್ಲಾನ್, 20ನೇ ತಾರೀಕು ದಾಟಿದರೆ 2 ಎಂಬಿಪಿಎಸ್. ರೂಟರ್ ಕೆಟ್ಟಿದೆಯಾ ಅಂತ ಕೇಳಿದ್ದೆ. ರೂಟರ್ ಸರಿಯಾಗೇ ಇದೆ. ಎಫ್‌ಯುಪಿ (ಇಷ್ಟು ಡೇಟಾ ಬಳಸಿದ ಮೇಲೆ ವೇಗ ಇಳಿಸುವ ಕಂಪನಿಯ ನಿಯಮ) ಚೆಕ್ ಮಾಡಿ ಅಂದವರಿಗೆ ಥ್ಯಾಂಕ್ಸ್.

ತಿಂಗಳಿಗೆ 1000 ಜಿಬಿ ಮಿತಿಯಂತೆ. ಜಾಸ್ತಿ ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್; 8 ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 12.5 ಎಂಬಿ (ಮೆಗಾಬೈಟ್). ಪೂರ್ತಿ ವೇಗದಲ್ಲಿ ಓಡಿಸಿದರೆ 22 ಗಂಟೆಗೆಲ್ಲ ಖಾಲಿ! ನಮ್ಮನೆಯಲ್ಲಿ ಹೆಚ್ಚು ಎಳೆಯುತ್ತಿದ್ದದ್ದು ಟಿವಿಯ 4ಕೆ ವಿಡಿಯೊ. ಅದನ್ನು ಎಚ್‌ಡಿಗೆ ಇಳಿಸಿದ್ದೇವೆ. ಅಮ್ಮನ ಧಾರಾವಾಹಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಕಂಪನಿಯ ಜಾಹೀರಾತಿನ ಕರಪತ್ರ ಮತ್ತೆ ತೆಗೆದು ನೋಡಿದೆ. ಕನ್ನಡದಲ್ಲಿ ದೊಡ್ಡದಾಗಿ ‘ಅನ್‌ಲಿಮಿಟೆಡ್’, ಕೆಳಗೆ ನಕ್ಷತ್ರ ಚಿಹ್ನೆ, ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಷರತ್ತು. ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಪ್ರಕಾರ ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಮುಖ್ಯ ವಿಷಯವನ್ನು ಷರತ್ತಿನೊಳಗೆ ಬಚ್ಚಿಡುವಂತಿಲ್ಲ.

ಕಸ್ಟಮರ್ ಕೇರ್‌ನವರು ಮೊದಲು ಸುಮ್ನೆ ‘ರೀಸ್ಟಾರ್ಟ್ ಮಾಡಿ ಸರ್’ ಅಂತಿದ್ದರು. ಕರಪತ್ರದ ಫೋಟೊ ಹಾಕಿ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ಪಡೆದೆ. ಅದು ಇಲ್ಲದೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆಗಲ್ಲ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ಗೆ ನೇರವಾಗಿ ಬರೆದು ಪ್ರಯೋಜನವಿಲ್ಲ, ಅವರು ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು.

ಆಮೇಲೆ ಕಂಪನಿಯವರೇ ಕರೆ ಮಾಡಿ ಆ ತಿಂಗಳ ಬಿಲ್ಲಿನಲ್ಲಿ ಅರ್ಧ ಬಿಟ್ಟರು. ಕರಪತ್ರ ಬದಲಿಸುತ್ತೀರಾ ಅಂದರೆ ‘ಮೇಲಿನವರಿಗೆ ತಿಳಿಸ್ತೀವಿ’ ಅಂದರು. ನಿನ್ನೆ ಪೇಪರ್ ಜೊತೆ ಅದೇ ಕರಪತ್ರ ಮತ್ತೆ ಬಂದಿದೆ. ಮೇಲ್ಮನವಿ ಹಾಕುತ್ತಿದ್ದೇನೆ.